ಬ್ಯಾಟರಿ ಶೇಷಮ್ಮನೂ ನನ್ನ ಹೊಟ್ಟೆಕಿಚ್ಚೂ

ಸೊರಬದ ಬ್ಯಾಟರಿ ಶೇಷಮ್ಮನನ್ನು ಹೊಗಳುವ ಬಾಯಿಗಳು ಬೇಕಾದಷ್ಟಿವೆ. ಆದರೆ ಅವಳ ವಿಷಯ ನನ್ನಷ್ಟು ಯಾರಿಗೂ ಗೊತ್ತಿಲ್ಲ. ಅವಳು ಯಾವ ಬಸ್ಸಿಗೆ ಎಲ್ಲಿ ಇಳಿದಳು, ಯಾರ ಗಾಡಿಗೆ ಕೈ ಹಾಕಿದಳು ಎಂದು ಹತ್ತು ವರ್ಷ ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದವನು ನಾನು. ಪ್ರೀತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ.

ನಾನು ಶಿಕಾರಿಪುರದ ಗೇರ್ ಮಂಜಪ್ಪ. ಆ ಹೆಸರನ್ನು ಯಾರೂ ನನಗೆ ಪುಕ್ಕಟೆ ಕೊಟ್ಟಿಲ್ಲ. ಮೂವತ್ತು ವರ್ಷ ಲಾರಿ, ಜೀಪು, ಟ್ರ್ಯಾಕ್ಟರುಗಳ ಗೇರ್ ಬಾಕ್ಸ್ ಬಿಚ್ಚಿ ಜೋಡಿಸಿ ಸಂಪಾದಿಸಿದ್ದು. ಗಾಡಿ ರಸ್ತೆಯಲ್ಲಿ ಹೋಗುವಾಗಲೇ ಎಷ್ಟನೇ ಗೇರಿನಲ್ಲಿದೆ, ಯಾವ ಹಲ್ಲು ಸವೆದಿದೆ ಎಂದು ಸದ್ದು ಕೇಳಿಯೇ ಕೂತಲ್ಲಿಂದ ಹೇಳುತ್ತಿದ್ದೆ.

ಅವಳದ್ದೇನು? ಹುಟ್ಟಿದ್ದು ಕುಪ್ಪಗಡ್ಡೆ, ಓದಿದ್ದು ನಾಲ್ಕನೇ ಕ್ಲಾಸು. ಗಂಡನಿಗೆ ಸೊರಬದಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಕರೆಂಟಿಲ್ಲದ ಹಳ್ಳಿಗಳವರು ಟೀವಿಯ ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಲ್ಲಿಗೆ ತರುತ್ತಿದ್ದರು. ಗಂಡ ತೀರಿಕೊಂಡಾಗ ಅಂಗಡಿಯ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ತಿಂಗಳಾಗುವುದರೊಳಗೆ ಅವಳು ಬಾಗಿಲು ತೆಗೆದಳು. ಆಸಿಡ್ ಸಿಡಿದು ಅವಳ ಸೀರೆಯ ತುಂಬ ಸಣ್ಣ ಸಣ್ಣ ತೂತು. ಗಂಡನ ಹಳೇ, ವೋಲ್ಟ್ ಅಳೆಯುವ ಮುಳ್ಳಿನ ಮೀಟರನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ರಿಪೇರಿಗೆ ಊರೂರಿಗೆ ಹೋಗತೊಡಗಿದಳು. ಬಂದಳಿಕೆಯಲ್ಲಿ ನಿಂತುಹೋದ ಟ್ರ್ಯಾಕ್ಟರೊಂದನ್ನು ಒಂದೇ ಗಂಟೆಯಲ್ಲಿ ಸ್ಟಾರ್ಟ್ ಮಾಡಿಸಿದಳು. ಅದನ್ನು ಅವಳಿಗಿಂತ ಮೊದಲು ಮೂರು ದಿನ ನೋಡಿದವನು ನಾನು.

ಊಟಕ್ಕೆ ಕೂತಾಗ ನನ್ನ ಹೆಂಡತಿ ಹನುಮಮ್ಮ ಕೇಳಿದಳು, "ಹೌದೇನ್ರೀ, ಆ ಯಮ್ಮ ಹೋಗಿದ್ದೇ ತಡ ಗಾಡಿ ಓಡ್ತಂತೆ?"

"ಅನ್ನ ಬಡಿಸ್ತೀಯೋ, ಎದ್ದು ಹೋಗ್ಲೋ?" ಅಂದೆ. ಅವಳು ಬಡಿಸಿದಳು, ಮುಸಿಮುಸಿ ನಗುತ್ತಲೇ.

ಇಷ್ಟಿರುವಾಗ, ತೊಂಬತ್ತೇಳರಲ್ಲಿ, ಗೊಬ್ಬರದ ಅಂಗಡಿಯ ಸಿದ್ಧಲಿಂಗೇಶ್ ಮುಂಬಯಿಯಿಂದ ಒಂದು ಹಳೆಯ ಜಪಾನ್ ಕಾರು ತರಿಸಿದರು. ಕ್ಲಚ್ಚೇ ಇಲ್ಲ, ಗೇರು ತಾನೇ ಬೀಳುತ್ತದೆ. ಶೋಕಿಗೆ ತಂದದ್ದಲ್ಲ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಅವರ ಎಡಗಾಲಿನಲ್ಲಿ ಶಕ್ತಿಯಿಲ್ಲ. ನಲವತ್ತು ವರ್ಷ ಇನ್ನೊಬ್ಬರ ಗಾಡಿಯ ಹಿಂದಿನ ಸೀಟಿನಲ್ಲಿ ಕೂತವರು ಮೊದಲ ಸಲ ತಾವೇ ಓಡಿಸಿಕೊಂಡು ಅಂಜನಾಪುರದ ಗದ್ದೆಗೆ ಹೋದ ದಿನ ಊರಿಗೆಲ್ಲ ಪೇಡಾ ಹಂಚಿದ್ದರು.

ಆಯುಧಪೂಜೆಗೆ ಆ ಕಾರನ್ನು ನನ್ನ ಶೆಡ್ಡಿಗೆ ಬಿಟ್ಟರು. ಆ ವರ್ಷ ನನಗೆ ಬೆಳ್ಳಿ ಬಣ್ಣದ ಹುಚ್ಚು ಹಿಡಿದಿತ್ತು. ವೈಸು, ಜಾಕು, ಕಡೆಗೆ ಬಾಗಿಲ ಚಿಲಕಕ್ಕೂ ಬಳಿದಿದ್ದೆ. ಕಾರಿನ ಬ್ಯಾಟರಿ ಇಳಿಸಿ, ಅದನ್ನು ಕೂರಿಸುವ ತಟ್ಟೆ, ಸುತ್ತಲಿನ ತಗಡು ಎಲ್ಲದಕ್ಕೂ ಎರಡೆರಡು ಕೈ ಹೊಡೆದು, ಫಳಫಳ ಮಾಡಿ ಕೊಟ್ಟೆ.

ದೀಪಾವಳಿಯ ಹೊತ್ತಿಗೆ ಕಾರು ಕೈಕೊಡಲು ಶುರುಮಾಡಿತು. ಬೆಳಗ್ಗೆ ಸರಿಯಾಗಿರುತ್ತಿತ್ತು. ಸಂಜೆ ದೀಪ, ಏಸಿ ಹಾಕಿದರೆ ಮೂರನೇ ಗೇರಿನಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಏರಿನಲ್ಲಿ ತೆವಳುತ್ತಿತ್ತು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಅದೇ ರಾಮಾಯಣ. ಬ್ಯಾಟರಿಗೆ ಬಲ್ಬು ಹಿಡಿದು ನೋಡಿದೆ. ಚೆನ್ನಾಗಿ ಉರಿಯಿತು. ಮುಂದಿನ ದೀಪಗಳು ಮಂಕಾಗಿದ್ದವು. ಹಳೇ ಬಲ್ಬು ಇರಬೇಕೆಂದು ಬಿಟ್ಟೆ.

"ಗೇರ್ ಬಾಕ್ಸ್ ಹೋಗೈತ್ರೀ. ಇಳಿಸಿ ಬಿಚ್ಚಬೇಕು" ಅಂದೆ. ನಿಜ ಹೇಳುತ್ತೇನೆ, ನನಗೆ ಅದನ್ನು ಬಿಚ್ಚುವ ಆಸೆ. ಅಂಥದ್ದನ್ನು ಬಿಚ್ಚಿದವನು ತಾಲ್ಲೂಕಿನಲ್ಲೇ ಇರಲಿಲ್ಲ.

"ಬಿಚ್ಚಿದ್ರೆ ವಾಪಸ್ ಜೋಡಿಸ್ತೀಯೇನೋ ಮಂಜಪ್ಪ? ಇದು ನಿಂತ್ರೆ ನನಗೆ ಮತ್ತೆ ಹಿಂದಿನ ಸೀಟೇ ಗತಿ" ಅಂದರು ಸಿದ್ಧಲಿಂಗೇಶ್. ಆಮೇಲೆ, "ಬಿಚ್ಚೋಕೆ ಮೊದ್ಲು ಆ ಸೊರಬದ ಶೇಷಮ್ಮನೋರು ಒಂದ್ಸಲ ನೋಡ್ಲಿ" ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಗೇರಿನ ಕೆಲಸಕ್ಕೆ ಬ್ಯಾಟರಿಯವಳು! ಬರಲಿ, ನಾಲ್ಕು ಜನರ ಮುಂದೆ ಪೆಚ್ಚಾಗಿ ಹೋಗಲಿ ಎಂದು ಬಾಯಿ ಮುಚ್ಚಿಕೊಂಡೆ.

ಮಾರನೆಯ ದಿನ ಹನ್ನೊಂದು ಗಂಟೆಗೆ ನನ್ನ ಶೆಡ್ಡಿಗೆ ಬಂದಳು. ಗೇರ್ ಬಾಕ್ಸಿನ ಕಡೆ ತಿರುಗಿಯೂ ನೋಡಲಿಲ್ಲ. "ಯಾವಾಗ ಹಿಂಗಾಗ್ತದೆ?" ಎಂದಷ್ಟೇ ಕೇಳಿದಳು. ಸಂಜೆ, ದೀಪ, ಏಸಿ ಎಂದರು ಸಿದ್ಧಲಿಂಗೇಶ್.

"ಹಂಗಾದ್ರೆ ಸ್ಟಾರ್ಟ್ ಮಾಡಿ ಎಲ್ಲ ಹಾಕಿ ಮಾರಾಯ್ರೆ. ಬ್ರೇಕ್ ತುಳ್ಕೊಂಡು ಗೇರಲ್ಲಿ ಇಟ್ಕೊಳ್ಳಿ. ಕೆಲ್ಸ ಹಚ್ಚದೆ ಸುಮ್ನೆ ಬಲ್ಬ್ ಹಿಡಿದ್ರೆ ಎಲ್ಲ ಬ್ಯಾಟರಿನೂ ಚೆನ್ನಾಗೇ ಕಾಣ್ತದೆ."

ಬಲ್ಬು ಹಿಡಿದದ್ದು ಅವಳಿಗೆ ಯಾರು ಹೇಳಿದರೋ! ನಾನು ಎಲೆಯಡಿಕೆ ಉಗುಳುವ ನೆಪದಲ್ಲಿ ಆಚೆ ಹೋಗಿ ಬಂದೆ.

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಕಾರಿನ ತಗಡಿಗೆ ಇಟ್ಟಳು. ವೈರು ಸರಿಯಿದ್ದರೆ ಅವೆರಡರ ನಡುವೆ ಮುಳ್ಳು ಅಲ್ಲಾಡಬಾರದು. ಸಿದ್ಧಲಿಂಗೇಶ್ ಸೀಟಿನಲ್ಲಿ ಕೂತು ದೀಪ ಹಾಕಿದರು, ಮುಳ್ಳು ಎದ್ದಿತು. ಏಸಿ ಹಾಕಿದರು, ಮೂರು ವೋಲ್ಟಿಗೆ ಹೋಗಿ ನಿಂತಿತು.

"ಬ್ಯಾಟರಿಯಿಂದ ಹನ್ನೆರಡೂವರೆ ವೋಲ್ಟ್ ಹೊರಡ್ತದೆ. ಮೂರು ಇಲ್ಲೇ ಸೋರಿಹೋಯ್ತು. ಗೇರ್ ಹಾಕೋಕೆ ಒಳಗೊಂದು ಕಂಪ್ಯೂಟರ್ ಡಬ್ಬಿ ಇರ್ತದಲ್ಲ, ಅದಕ್ಕೆ ಮುಟ್ಟೋದು ಒಂಬತ್ತೂವರೆ. ಅಷ್ಟರಲ್ಲಿ ಅದಕ್ಕೆ ಕೆಲ್ಸ ಮಾಡೋಕಾಗಲ್ಲ, ಮೂರನೇ ಗೇರ್ ಹಿಡ್ಕೊಂಡು ಕೂತ್ಬಿಡ್ತದೆ. ಗೇರ್ ಬಾಕ್ಸಿಗೆ ಏನೂ ಆಗಿಲ್ಲ."

ಕಾರು ಆಫ್ ಮಾಡಿಸಿ, ಮೈನಸ್ಸನ್ನು ತಗಡಿಗೆ ಸೇರಿಸುವ ಅರ್ತಿಂಗ್ ವೈರಿನ ನಟ್ಟು ಬಿಚ್ಚಿದಳು. ವೈರಿನ ತುದಿಯ ಬಳೆ ಎತ್ತಿದಳು. ಅದರ ಅಡಿಯಲ್ಲಿ, ತಗಡಿಗೆ ತಗಡು ಮುಟ್ಟಬೇಕಾದ ಜಾಗದಲ್ಲಿ, ದಪ್ಪಗೆ ಬೆಳ್ಳಿ ಬಣ್ಣ, ಕರೆಂಟಿಗೆ ಅಡ್ಡ.

ಅವಳು ಬಣ್ಣವನ್ನು ಉಗುರಿನಿಂದ ಕೆರೆದಳು. ತಲೆಯೆತ್ತಿ ನನ್ನ ವೈಸನ್ನು ನೋಡಿದಳು. ಜಾಕನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಏನಿತ್ತು ಶೇಷಮ್ಮನೋರೆ?" ಸಿದ್ಧಲಿಂಗೇಶ್ ಸೀಟಿನಿಂದಲೇ ಕೂಗಿದರು.

"ಏನಿಲ್ಲ ಮಾರಾಯ್ರೆ. ಮಳೆಗಾಲ ಕಳೀತಲ್ಲ, ಕಿಲುಬು ಹಿಡಿದಿದೆ."

ಬದುಕಿದೆ, ನನ್ನ ಹೆಸರು ಉಳಿಯಿತು. ಸುಮ್ಮನಿದ್ದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ನನ್ನ ಹಾಳು ಹೊಟ್ಟೆ ಸುಮ್ಮನಿರಲು ಬಿಡಬೇಕಲ್ಲ! ಕೆಲಸದಲ್ಲಿ ನನ್ನನ್ನು ಮೀರಿಸಿದಳು, ಸರಿ. ಈಗ ದೊಡ್ಡ ಮನಸ್ಸಿನಲ್ಲೂ ಮೀರಿಸುವುದೇ? ಬದುಕಿರುವವರೆಗೂ ಈ ಹೆಂಗಸಿನ ದಯೆಯಲ್ಲಿ ನಾನು ಗೇರ್ ಮಂಜಪ್ಪ ಅನ್ನಿಸಿಕೊಳ್ಳಬೇಕೇ?

"ಕಿಲುಬೂ ಇಲ್ಲ, ಗಿಲುಬೂ ಇಲ್ಲ!" ಎಂದು ಕಿರುಚಿದೆ. "ಬಣ್ಣ ಅದು! ಆಯುಧಪೂಜೆಗೆ ನಾನೇ ಬಳಿದಿದ್ದು. ಅದರ ಮೇಲೇ ನಟ್ಟು ಬಿಗಿದಿದ್ದೂ ನಾನೇ. ಈ ಯಮ್ಮ ಸುಳ್ಳು ಹೇಳ್ತೈತಿ!"

ಸಿದ್ಧಲಿಂಗೇಶ್ ಕಾರಿನಿಂದ ಇಳಿದು, ಕೋಲು ಊರಿಕೊಂಡು ಬಂದು ನೋಡಿದರು. ಆ ಬಣ್ಣವನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶೇಷಮ್ಮ ಚೀಲದಿಂದ ಎಮರಿ ಪೇಪರ್ ತೆಗೆದು ನನ್ನ ಕೈಗೆ ಕೊಟ್ಟಳು. "ಹಂಗಾದ್ರೆ ನೀವೇ ಉಜ್ಜಿ, ಮಂಜಪ್ಪಣ್ಣ. ಎಲ್ಲೆಲ್ಲಿ ಬಳಿದಿದ್ದೀರಿ ಅಂತ ನಿಮಗೇ ಗೊತ್ತಲ್ಲ." ಹೋಗಿ ನನ್ನ ಸ್ಟೂಲಿನ ಮೇಲೆ ಕೂತಳು. ಹನುಮಮ್ಮ ಓಡಿಬಂದು ಅವಳಿಗೆ ಚಹಾ ಕೊಟ್ಟಳು, ನಮ್ಮ ಮನೆಯ ಒಳ್ಳೇ ಲೋಟದಲ್ಲಿ.

ಬಾನೆಟ್ಟಿನೊಳಗೆ ತಲೆ ತೂರಿಸಿ ಉಜ್ಜಿದೆ. ತಗಡು ಬೆಳ್ಳಗೆ ಕಂಡಮೇಲೆ ವೈರು ಬಿಗಿದೆ. ಮೀಟರಿನ ಕಡ್ಡಿ ನನ್ನ ಕೈಯಲ್ಲೇ ಹಿಡಿಸಿದಳು. ಕಾರು ಸ್ಟಾರ್ಟಾಯಿತು. ದೀಪ, ಏಸಿ, ಫ್ಯಾನು ಎಲ್ಲ ಹಾಕಿದರು. ಮುಳ್ಳು ಮಿಸುಕಲಿಲ್ಲ.

"ಬಸ್ಸು ಬ್ಯಾಡ, ಬರ್ರಿ. ಸೊರಬದ ತನಕ ನಾನೇ ಓಡಿಸ್ಕೊಂಡು ಬಂದು ಬಿಡ್ತೀನಿ" ಎಂದರು ಸಿದ್ಧಲಿಂಗೇಶ್. ಅವರ ಮುಖ ಪೇಡಾ ಹಂಚಿದ ದಿನದ ಹಾಗೇ ಇತ್ತು. ಅವಳು ಮುಂದಿನ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ಕಾರು ರಸ್ತೆಗೆ ಇಳಿದು ಏರು ಹತ್ತಿತು. ಯಾವಾಗ ಎರಡಕ್ಕೆ ಬಿತ್ತು, ಯಾವಾಗ ಮೂರಕ್ಕೆ ಬಿತ್ತು ಎಂದು ಕಿವಿಗೊಟ್ಟು ನಿಂತೆ. ಗೇರ್ ಬದಲಾದದ್ದು ನನಗೆ ಕೇಳಿಸಲೇ ಇಲ್ಲ. ಅವಳ ಎಮರಿ ಪೇಪರ್ ನನ್ನ ಕೈಯಲ್ಲೇ ಉಳಿದಿತ್ತು.