ನರ್ಸಮ್ಮನ ಎಂಟು ಮನೆಯ ಮಾಳಿಗೆ

ನರ್ಸಮ್ಮನ ಮುಂಗೈಗಳು ಮರ ಕೊಯ್ಯುವವರ ಕೈಗಳಷ್ಟು ದಪ್ಪವಾಗಿದ್ದವು. ಉಗುರುಗಳನ್ನು ಮಾತ್ರ ಚರ್ಮದವರೆಗೆ ಕತ್ತರಿಸಿರುತ್ತಿದ್ದರು. ಹತ್ತಿರ ಬಂದರೆ ಕಾರ್ಬಾಲಿಕ್ ಸೋಪಿನ ವಾಸನೆ. ಸಾಗರದಲ್ಲಿ ಆ ಕೈಗಳ ಮೇಲೆ ಹುಟ್ಟಿದವರು ಎಷ್ಟು ಮಂದಿಯೋ, ಅವರಿಗೇ ಗೊತ್ತಿರಲಿಲ್ಲ. ಪೇಟೆಯಲ್ಲಿ ಮೀಸೆ ಬಂದ ಗಂಡಸರನ್ನೂ ನಿಲ್ಲಿಸಿ, "ಏಯ್, ನೀನು ಕಾಲು ಮುಂದೆ ಮಾಡ್ಕಂಡು ಹುಟ್ಟಿದವನಲ್ವಾ? ಅಮ್ಮ ಹುಷಾರಿದಾಳಾ?" ಎಂದು ಕೇಳುತ್ತಿದ್ದರು. ಅವನು ನಾಚಿ ಓಡಬೇಕು.

ನಾನು ತೀರ್ಥಹಳ್ಳಿ ಹತ್ತಿರದ ಮೇಳಿಗೆ ಕಡೆಯವಳು. ಅರವತ್ತರ ದಶಕದ ನಡುವೆ ಸಾಗರದ ಶಾಲೆಯೊಂದಕ್ಕೆ ಟೀಚರಾಗಿ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಒಂಟಿ ಹೆಣ್ಣಿಗೆ ಮನೆ ಕೊಡುವವರಿರಲಿಲ್ಲ. "ಮದುವೆ ಆದ್ಮೇಲೆ ಬನ್ನಿ" ಎಂದು ಒಬ್ಬರು ನಗುತ್ತಲೇ ಬಾಗಿಲು ಹಾಕಿದ್ದರು. ದೂರದ ನೆಂಟರ ಅಡುಗೆಮನೆಯಲ್ಲಿ ಮಲಗುತ್ತಿದ್ದೆ. ಅವರಿಗೂ ನಾನು ಬೇಡವಾಗತೊಡಗಿದ್ದೆ. ಕೆಲಸ ಬಿಟ್ಟು ಬಾ ಎಂದು ಅಪ್ಪ ಕಾಗದ ಬರೆದಿದ್ದರು.

ಅದೇ ಹೊತ್ತಿಗೆ ನರ್ಸಮ್ಮ ಎಂಟು ಸಂಸಾರಗಳಿಗಾಗುವ ಮಾಳಿಗೆ ಕಟ್ಟಿ ಮುಗಿಸಿದ್ದರು. ಕೆಳಗೆ ನಾಲ್ಕು ಮನೆ, ಮೇಲೆ ನಾಲ್ಕು, ಅದರ ಮೇಲೆ ಆರ್‌ಸಿಸಿ ತಾರಸಿ. ಹೊಸನಗರದ ಕಡೆಯಿದ್ದ ಅವರ ತವರಿನ ಜಮೀನು ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಅದಕ್ಕೆ ಸಿಕ್ಕ ಪರಿಹಾರವನ್ನೆಲ್ಲ ಇದಕ್ಕೇ ಸುರಿದಿದ್ದರು. ಆದರೆ ಮರದ ತೊಲೆ, ನಡುಗಂಬ ಒಂದೂ ಇಲ್ಲದ ಸಿಮೆಂಟಿನ ಚಪ್ಪಡಿ ತಲೆಯ ಮೇಲೆ ನಿಲ್ಲುತ್ತದೆಂದು ಊರವರು ನಂಬಲಿಲ್ಲ. ಒಂದು ಮನೆಗೂ ಬಾಡಿಗೆದಾರರು ಬರಲಿಲ್ಲ.

ನಾನು ಕೇಳಲು ಹೋದೆ.

"ಮೇಲಿನ ಮನೇಲಿ ಇರ್ತೀರಾ ಟೀಚರೇ? ಹೆದರಿಕೆ ಆಗಲ್ವಾ?"

"ನೆಂಟರ ಮನೇಲಿ ಇದ್ದೋಳಿಗೆ ಇನ್ನೆಂತ ಹೆದರಿಕೆ?"

ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಾದ್ರೆ ಗೃಹಪ್ರವೇಶದ ಕೆಲಸಕ್ಕೂ ಸೇರ್ಕಳಿ. ಕರೆಯೋಲೆ ಬರೀರಿ."

ಎರಡು ವಾರ ಶಾಲೆ ಬಿಟ್ಟ ಮೇಲೆ ಅವರ ಜಗಲಿಯಲ್ಲಿ ಕೂತು ಬರೆದೆ. ಮರದ ನಾಟಾ ವ್ಯಾಪಾರ ಮಾಡುವ ಊರಿನ ದೊಡ್ಡ ಸಾಹುಕಾರರೊಬ್ಬರು ಟೇಪು ಕತ್ತರಿಸಲು ಒಪ್ಪಿದ್ದರು. ಅವರು ಮೆಟ್ಟಿಲು ಹತ್ತಿದರೆ ಊರೇ ಹತ್ತುತ್ತದೆ ಎಂದು ನರ್ಸಮ್ಮ ನಂಬಿದ್ದರು. ಇನ್ನು ಮೂರೇ ದಿನ ಇದೆ ಎನ್ನುವಾಗ ಸಾಹುಕಾರರ ಗುಮಾಸ್ತ ಬಂದ. ಅವರಿಗೆ ಮಂಡಿನೋವಂತೆ, ಬರಲಾಗುವುದಿಲ್ಲವಂತೆ. ಸಂಜೆಯೊಳಗೆ ಪೇಟೆ ತುಂಬ ಸುದ್ದಿ: ಮೆಟ್ಟಿಲಿನ ಗೋಡೆ ಬಿರುಕು ಬಿಟ್ಟಿದೆ, ಸಾಹುಕಾರರಿಗೆ ಗೊತ್ತಾಗಿದೆ.

ನಾವಿಬ್ಬರೂ ಹೋಗಿ ಗೋಡೆಯ ಮೇಲೆಲ್ಲ ಕೈಯಾಡಿಸಿ ನೋಡಿದೆವು. ಒಂದು ಗೆರೆಯೂ ಇರಲಿಲ್ಲ. ನರ್ಸಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡರು.

"ಬೇರೆ ಕಾಗದ ಬರೀರಿ. ದೊಡ್ಡವರು ಬೇಡ. ನಾನು ಹೆರಿಗೆ ಮಾಡಿಸಿದ ಅಮ್ಮಂದಿರೆಲ್ಲ ಮಕ್ಕಳನ್ನ ಕರ್ಕಂಡು ಬರ್ಲಿ. ಡೊಳ್ಳಿನವರಿಗೆ ನಾನು ಹೇಳ್ತೀನಿ. ಅವರು ಕುಣಿಯೋದು ಅಂಗಳದಲ್ಲಲ್ಲ, ತಾರಸಿ ಮೇಲೆ."

"ತಾರಸಿ ಮೇಲೆ ಡೊಳ್ಳಾ, ನರ್ಸಮ್ಮ?"

"ಮತ್ತೆ? ಅದರ ಕೆಳಗೆ ನಾನೇ ಕೂತ್ಕಂತೀನಿ."

ಪ್ರವೇಶದ ದಿನ ಅಂಗಳ ತುಂಬಿತು. ಸೊಂಟದಲ್ಲಿ ಕೂಸು ಹೊತ್ತವರು, ಶಾಲೆಗೆ ಹೋಗುವ ಮಕ್ಕಳು, ಮುದುಕಿಯರು. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರೇ ಹೊರತು ಮೆಟ್ಟಿಲ ಹತ್ತಿರ ಯಾರೂ ಬರಲಿಲ್ಲ. ನರ್ಸಮ್ಮ ನನ್ನ ಕೈಗೆ ಬೀಗದಕೈ ಕೊಟ್ಟರು. "ಹೋಗಿ ತೆಗೀರಿ. ಮೊದಲ್ನೇ ಮನೆ ನಿಮ್ದು." ಒಬ್ಬಳೇ ಹತ್ತಿದೆ. ಬಾಗಿಲು ತೆರೆದು ಹಿಂದೆ ತಿರುಗಿದರೆ ಅಂಗಳ ಇನ್ನೂ ಹಾಗೇ ನಿಂತಿತ್ತು.

ಆಗ ಒಬ್ಬ ಮುದುಕಿ ಮುಂದೆ ಬಂದಳು. "ನನ್ನ ಆರು ಮಕ್ಕಳನ್ನ ಆ ಕೈಗೆ ಕೊಟ್ಟಿದ್ದೆ. ನನ್ನನ್ನೇ ಕೊಡಕ್ಕೆ ಎಂತ ಭಯ?" ಎಂದು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ಅವಳ ಹಿಂದೆ ಅವಳ ಸೊಸೆ, ಮೊಮ್ಮಕ್ಕಳು. ಅವರ ಹಿಂದೆ ಅಂಗಳವೇ.

ತಾರಸಿಯ ಮೇಲೆ ಡೊಳ್ಳು ಶುರುವಾಯಿತು. ನನ್ನ ಎದೆಗೇ ಗುದ್ದಿದಂತಾಗುತ್ತಿತ್ತು. ನನ್ನ ಮನೆಯ ನಟ್ಟನಡುವೆ ಕುರ್ಚಿ ಹಾಕಿ ಕೂತಿದ್ದ ನರ್ಸಮ್ಮ ಕೂಗಿದರು: "ಕೇಳ್ತಾ ಇದೀರಾ ಟೀಚರೇ? ಇಡೀ ಊರು ನನ್ನ ತಲೆ ಮೇಲೆ ಕುಣೀತಾ ಇದೆ! ಒಂದು ಚೂರು ಸುಣ್ಣ ಉದುರಿಲ್ಲ ನೋಡಿ!" ನಗುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಊಟದ ಹೊತ್ತಿಗೆ ಸಾಹುಕಾರರೂ ಬಂದರು. ಮಂಡಿನೋವು ವಾಸಿಯಾಗಿತ್ತು. ನರ್ಸಮ್ಮ ಅವರನ್ನೂ ಮೆಟ್ಟಿಲು ಹತ್ತಿಸಿ ಮೇಲಿನ ಪಂಕ್ತಿಯಲ್ಲೇ ಎಲೆ ಹಾಕಿಸಿದರು.

ವಾರದೊಳಗೆ ಎಂಟೂ ಮನೆ ತುಂಬಿದವು. ನನ್ನ ಬಾಗಿಲಿಗೆ ನನ್ನ ಹೆಸರಿನ ಹಲಗೆಯನ್ನು ನರ್ಸಮ್ಮನೇ ಬರೆಸಿ ಹಾಕಿಸಿದರು. ನನ್ನನ್ನು ಕರೆದೊಯ್ಯಲು ಬಂದ ಅಪ್ಪ ಆ ಹಲಗೆಯನ್ನು ಎರಡು ಸಲ ಓದಿದರು. ಕೆಲಸ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಅಲ್ಲಿ ಒಂಬತ್ತು ವರ್ಷ ಇದ್ದೆ. ತೀರ್ಥಹಳ್ಳಿಗೆ ವರ್ಗವಾದ ಮೇಲೆ ಒಂದು ದಿನ ನರ್ಸಮ್ಮ ತೀರಿಕೊಂಡ ಸುದ್ದಿ ಬಂತು. ಮೊದಲ ಬಸ್ಸಿಗೇ ಹೊರಟೆ. ಸಾಗರದಲ್ಲಿ ಅವರನ್ನು ಹೊರಲು ಜನ ಸಾಲುಗಟ್ಟಿ ನಿಂತಿದ್ದರು. ಹೆಚ್ಚಿನವರು ಅವರ ಕೈಯಲ್ಲೇ ಮೊದಲು ಅತ್ತವರು.

ನಾನು ಮೂವತ್ತನಾಲ್ಕು ವರ್ಷ ಪಾಠ ಮಾಡಿದೆ. ಅಂದು ಆ ಬೀಗದಕೈಯನ್ನು ನರ್ಸಮ್ಮ ಬೇರೆ ಯಾರಿಗಾದರೂ ಕೊಟ್ಟಿದ್ದರೆ, ಮೂರು ತಿಂಗಳೂ ಮಾಡುತ್ತಿರಲಿಲ್ಲ.