ಎಡಗಡೆಯ ಎಸರಿಗೆ ಉಪ್ಪು

ಯುಗಾದಿ ಕಳೆದ ಮೊದಲ ಸೋಮವಾರ ಬೆಳಿಗ್ಗೆ, ಚಾಮರಾಜಪೇಟೆಯ ನಮ್ಮ ಅಡುಗೆಮನೆಯಲ್ಲಿ, ಅಕ್ಕನ ಬಲ ಮಣಿಕಟ್ಟು ಆವಿಗೆ ಬೆಂದಿತು. ಒಲೆಯ ಮೇಲೆ ಮುದ್ದೆಗೆ ಎಸರು ಇಟ್ಟಿತ್ತು. ಅದು ಕುದಿಯಿತೋ ಇಲ್ಲವೋ ತಿಳಿಯಲು ಅವಳು ಪಾತ್ರೆಯ ಮೇಲೆ ಕೈ ಚಾಚಿದ್ದಳು.

ಅಕ್ಕನಿಗೆ ಗ್ಲಾಕೋಮಾ. ಎದುರಿಗೆ ನಿಂತವರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಭಾವ ತೀರಿಕೊಂಡ ಮೇಲೆ ಅವಳೂ ಮದುವೆಯಾಗದ ನಾನೂ ಒಂದೇ ಮನೆಯಲ್ಲಿದ್ದೇವೆ. ಅಡುಗೆ ಅವಳದು. ದೃಷ್ಟಿ ಕುಂದಿದ ಮೇಲೂ ಅವಳು ಒಲೆ ಬಿಟ್ಟಿರಲಿಲ್ಲ. ಅವಳ ಆಧಾರ ಉಪ್ಪು. ಒಂದು ಚಿಟಿಕೆ ಎಸರಿಗೆ ಹಾಕಿ, ತಲೆ ಓರೆ ಮಾಡಿ ಕೇಳುತ್ತಿದ್ದಳು. ನೀರು ಇನ್ನೂ ಕಾಯಬೇಕಿದ್ದರೆ ಸದ್ದು ತೆಳ್ಳಗಿರುತ್ತದೆ. ಕುದಿಯ ಅಂಚಿಗೆ ಬಂದಿದ್ದರೆ ಉಪ್ಪು ಬಿದ್ದೊಡನೆ ಸೊರ್ ಎಂದು ಉಕ್ಕುತ್ತದೆ. ಆಗ ರಾಗಿಹಿಟ್ಟು ಸುರಿಯುತ್ತಿದ್ದಳು. ಬರೀ ಕುದಿಯ ಸದ್ದು ಬೀದಿಯ ಬಸ್ಸು ಆಟೋಗಳ ನಡುವೆ ಕಳೆದುಹೋಗುತ್ತಿತ್ತು. ಉಪ್ಪಿನದು ಮಾತ್ರ ಅವಳಿಗೆ ತಪ್ಪುತ್ತಿರಲಿಲ್ಲ.

ಹಬ್ಬಕ್ಕೆ ಸ್ವಲ್ಪ ಮೊದಲು, ರಕ್ತದೊತ್ತಡ ಮತ್ತು ಮೂತ್ರಪಿಂಡದ ಕಾರಣಕ್ಕೆ, ವೈದ್ಯರು ಅವಳಿಗೆ ಉಪ್ಪು ಬಿಡಿಸಿದ್ದರು. ಎಸರಿಗೆ ಉಪ್ಪು ಬೀಳುವುದು ನಿಂತಿತು. ಮೊದಲು ಮುದ್ದೆ ಗಂಟಾಯಿತು, ಆಮೇಲೆ ಕೈ ಸುಟ್ಟಿತು.

ಅಂದು ಸಂಜೆ ಶೇಷಾದ್ರಿಪುರದಿಂದ ಅವಳ ಮಗಳು ಬಂದಳು. ಕೈಗೆ ಕಟ್ಟಿದ್ದ ಬಟ್ಟೆ ನೋಡಿದಳು.

"ಅಮ್ಮಾ, ಇನ್ಮೇಲೆ ಒಲೆ ಹತ್ರ ಹೋಗೋದೇ ಬೇಡ. ಮೆಸ್ಸಿಂದ ಕ್ಯಾರಿಯರ್ ತರಿಸ್ತೀನಿ."

"ತರ್ಸು. ನಿಮ್ಮ ಮಾಮನಿಗೆ ಹಾಕು. ನನ್ ಸಾರಿಗೆ ದಿನಾ ಹೆಸರಿಡ್ತಾನಲ್ಲ, ಬುದ್ಧಿ ಬರುತ್ತೆ."

"ತಮಾಷೆ ಬೇಡಮ್ಮ. ಮಾಮ, ನೀವಾದ್ರೂ ಹೇಳಿ."

ನಾನು ಪಕ್ಕದಲ್ಲಿ ನಿಂತು, ಕುದಿ ಬಂದಾಗ ಹೇಳುತ್ತೇನೆ ಎಂದೆ.

"ನೀನು ಕುದೀತು ಅನ್ನೋದು, ನಾನು ಹಿಟ್ಟು ಹಾಕೋದು. ಆಮೇಲೆ ಅದು ಯಾರ ಅಡುಗೆ ಕಣೋ?" ಎಂದಳು ಅಕ್ಕ. ಈ ಮಾತಿನಲ್ಲಿ ತಮಾಷೆ ಇರಲಿಲ್ಲ.

ಮಗಳು ಚೀಲ ಹೆಗಲಿಗೇರಿಸಿದಳು. "ಭಾನುವಾರ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ದಾರಿ ಮಾಡ್ಕೊಳ್ಳಿ. ಇಲ್ದಿದ್ರೆ ಸಿಲಿಂಡರ್ ತೆಗೆಸ್ಬಿಡ್ತೀನಿ" ಎಂದು ಹೇಳಿ ಹೋದಳು.

ಮರುದಿನ ಅಕ್ಕ ಉಪ್ಪಿನ ಬದಲು ಚಿಟಿಕೆ ರಾಗಿಹಿಟ್ಟು ಹಾಕಿ ನೋಡಿದಳು. ನೊರೆ ಬಂತು, ಅವಳ ಕಿವಿಗೆ ಸಿಗುವಷ್ಟು ಸದ್ದು ಬರಲಿಲ್ಲ. ಗುರುವಾರ ಊಟಕ್ಕೆ ಕೂತಾಗ ಅವಳೇ ಕೇಳಿದಳು: "ನಿಂಗೇನೂ ಉಪ್ಪು ಬಿಡ್ಸಿಲ್ವಲ್ಲ?"

ಅವಳ ಲೆಕ್ಕ ಸರಳ. ಒಂದೇ ಅಳತೆಯ ಎರಡು ಪಾತ್ರೆ, ಒಂದೇ ಚೊಂಬಿನಲ್ಲಿ ಅಳೆದ ನೀರು, ಎರಡು ಒಲೆಗೂ ಒಂದೇ ಉರಿ. ಎಡಗಡೆಯದು ನನಗೆ, ಬಲಗಡೆಯದು ಅವಳಿಗೆ. ಉಪ್ಪು ಎಡಗಡೆಯದಕ್ಕೆ. ಅದು ಸೊರ್ ಎಂದಾಗ ಎರಡಕ್ಕೂ ಹಿಟ್ಟು.

ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಹಾಗಿದ್ದರೆ ಎರಡು ಪಾತ್ರೆಗಳಿಗೆ ಹೊಂದಿಕೆಯಾಗುವುದಿಲ್ಲ ಎಂದು ನನಗೆ ಅನುಮಾನ. ಓದಿ ನೋಡಿದೆ. ಉಪ್ಪುನೀರು ಕುದಿಯಲು ಬೇಕಾಗುವುದು ತುಸು ಹೆಚ್ಚೇ ಕಾವು. ಚಿಟಿಕೆ ಉಪ್ಪಿಗೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಉಕ್ಕುವುದು ಕುದಿಯಲ್ಲ. ಕಾದ ನೀರಿನಲ್ಲಿ ಉಪ್ಪಿನ ಹರಳುಗಳ ಸುತ್ತ ಗುಳ್ಳೆಗಳು ಒಮ್ಮೆಲೇ ಏಳುತ್ತವೆ, ಅಷ್ಟೇ. ಶುಕ್ರವಾರ ಒಲೆಯ ಮುಂದೆ ನಿಂತು ನೋಡಿದೆ. ಎರಡೂ ಪಾತ್ರೆ ಜೊತೆಯಲ್ಲೇ ಕುದಿಗೆ ಬಂದವು.

ಭಾನುವಾರ ಮಗಳು ಬಂದು, ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಳು.

"ಪಾತ್ರೆ ಅದಲುಬದಲು ಮಾಡೀಯ, ಹುಷಾರ್ ಕಣೋ" ಎಂದು ಅಕ್ಕ ನನಗೆ ಹೇಳಿ, ಉಪ್ಪು ಹಾಕಿ ಕಿವಿಗೊಟ್ಟಳು. ಸದ್ದು ಬಂತು. ಹಿಟ್ಟು ಸುರಿದು, ಕೋಲಿನಿಂದ ತಿರುವಿ, ಒದ್ದೆ ಕೈಯಲ್ಲಿ ಮುದ್ದೆ ಕಟ್ಟಿದಳು. ಮಗಳು ಬಲಗಡೆಯದರಲ್ಲಿ ಒಂದು ತುತ್ತು ಮುರಿದು ನೋಡಿದಳು. ಗಂಟಿರಲಿಲ್ಲ. ಸಿಲಿಂಡರಿನ ಮಾತು ಅವಳು ಎತ್ತಲಿಲ್ಲ.

ಈ ತಿಂಗಳ ಮೊದಲ ವಾರ ಅದೇ ವೈದ್ಯರು ನನ್ನ ರಕ್ತದೊತ್ತಡ ನೋಡಿ, ನನಗೂ ಉಪ್ಪು ಬಿಡಲು ಹೇಳಿದರು. ಅಕ್ಕನಿಗೆ ಹೇಳಿಲ್ಲ. ಇಂದು ಬೆಳಿಗ್ಗೆಯೂ ಎಡಗಡೆಯ ಎಸರಿಗೆ ಉಪ್ಪು ಬಿತ್ತು.