ನೆಲ ಬಿಡದ ಹಿಮ್ಮಡಿ

ಹೋದ ವಾರ ಗದ್ವಾಲದ ನನ್ನ ವ್ಯಾಯಾಮ ಚಿಕಿತ್ಸೆಯ ಕೋಣೆಗೆ ನಮ್ಮೂರು ಮಕ್ತಲದ ಪಕ್ಕದ ಮನೆಯ ಕಾಕಾನ ತಮ್ಮ ಬಂದಿದ್ದರು. ಬಾಗಿಲು ದಾಟುವ ಮೊದಲೇ ನೀಲಗಿರಿ ಎಣ್ಣೆಯ ವಾಸನೆ ಒಳಗೆ ಬಂತು. ಕಾಕಾನ ಅಂಗಳದಲ್ಲಿ ಸಂಜೆಯಾದರೆ ಇದೇ ವಾಸನೆ ಇರುತ್ತಿತ್ತು...

ತೆಲಂಗಾಣ ಬೇಕೆಂದು ಬಸ್ಸು, ಶಾಲೆ, ಕಚೇರಿ ಎಲ್ಲ ನಿಂತುಹೋದ ವರ್ಷವದು. ಹೈದರಾಬಾದಿನಲ್ಲಿ ಇದೇ ಚಿಕಿತ್ಸೆಯನ್ನು ಓದುತ್ತಿದ್ದ ನಾನು ಊರಿಗೆ ಬಂದು ಕೂತಿದ್ದೆ. ಕಾಕಾ ಕೂಡ ಬಂದಿದ್ದರು. ಅವರು ಹೈದರಾಬಾದಿನ ಒಂದು ಗಾಲ್ಫ್ ಮೈದಾನದಲ್ಲಿ ಆಡುವವರ ಚೀಲ ಹೊರುತ್ತಿದ್ದರು. ಹೊತ್ತು ಹೊತ್ತು ಬೆನ್ನು ಕೆಟ್ಟಿತ್ತು. ನೋಡಿ ನೋಡಿ ಆಟವನ್ನೂ ಕಲಿತಿದ್ದರು. ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಒಂದು ಪರೀಕ್ಷೆ ಇತ್ತು. ಬಸ್ಸು ಶುರುವಾದ ಕೂಡಲೇ ಅವರು ಅಲ್ಲಿ ಹೋಗಿ ಹೊಡೆದು ತೋರಿಸಬೇಕಿತ್ತು. ಗೆದ್ದರೆ ಕಲಿಸುವ ಕೆಲಸ. ಸೋತರೆ ಮತ್ತೆ ಚೀಲ. ಚೀಲ ಹೊರಲು ಆ ಬೆನ್ನು ಇನ್ನು ಒಪ್ಪುವಂತಿರಲಿಲ್ಲ.

ಜೋಳ ಕೊಯ್ದು ಖಾಲಿಯಾಗಿದ್ದ ಹೊಲದಲ್ಲಿ ದಿನವೂ ಗಾಲ್ಫ್ ಕೋಲು ಹಿಡಿದು ಚೆಂಡು ಹೊಡೆಯುತ್ತಿದ್ದರು. ಬೀಸಿದಾಗಲೆಲ್ಲ ಮುಖ ಕಿವುಚಿಕೊಳ್ಳುತ್ತಿತ್ತು. ಊರವರಿಗೆ ಅದೊಂದು ತಮಾಷೆ. ನನಗೆ ಮಾತ್ರ ನೋಡಲು ಆಗುತ್ತಿರಲಿಲ್ಲ. ತಿಳಿದಿಲ್ಲ ಅನ್ನೋಣವೆಂದರೆ ಅವರಿಗೆ ಎಲ್ಲ ತಿಳಿದಿತ್ತು. ಹೊಸಬರು ಬರೀ ತೋಳಿನಿಂದ ಹೊಡೀತಾರೆ, ಸ್ವಲ್ಪ ಕಲಿತವರು ಭುಜ ತಿರುಗಿಸ್ತಾರೆ, ಪಳಗಿದವರ ಬೀಸು ಪಾದದಿಂದ ಎದ್ದು ಸೊಂಟಕ್ಕೆ ಬಂದು ಕೊನೆಗೆ ಕೈಗೆ ಇಳಿಯುತ್ತೆ ಅಂತ ಅವರೇ ನನಗೆ ಹೇಳಿದ್ದರು. ನನ್ನ ಪಾಠದಲ್ಲೂ ಅಷ್ಟೇ ಇತ್ತು. ಆದರೆ ಏಟು ಬಿದ್ದ ಮೇಲೆ ತಾನಾಗಿ ಏಳಬೇಕಾದ ಅವರ ಬಲಗಾಲಿನ ಹಿಮ್ಮಡಿ ನೆಲ ಬಿಡುತ್ತಿರಲಿಲ್ಲ. ಸೊಂಟ ಅಲ್ಲೇ ನಿಲ್ಲುತ್ತಿತ್ತು, ತಿರುವೆಲ್ಲ ನಡುಬೆನ್ನಿನ ಮೇಲೆ ಬೀಳುತ್ತಿತ್ತು. ಹೀಗೇ ಹೊಡೆದರೆ ಪರೀಕ್ಷೆಯ ದಿನ ಏಳಲಿಕ್ಕೇ ಆಗೋದಿಲ್ಲ ಎಂದು ಬೈದೇ ಹೇಳಿದೆ.

ಆಗ ಅವರು ಕಲ್ಲಿನ ವಿಷಯ ಹೇಳಿದರು. ಅವರದು ಕಲ್ಲು ಒಡೆಯುವ ಮನೆತನ. ಒಬ್ಬ ಸಮ್ಮಟಿಗೆ ಬೀಸಿದರೆ ಇನ್ನೊಬ್ಬ ಎದುರು ಕೂತು ಉಳಿ ಹಿಡಿಯಬೇಕು. ಹಿಡಿಯುವವನು ಒಡಹುಟ್ಟಿದವನೇ ಆಗಬೇಕು, ಬೀಸುವವನ ಹಿಮ್ಮಡಿ ಬಂಡೆ ಬಿಡಬಾರದು, ಇದು ಅವರ ಮನೆಯ ಕಟ್ಟಳೆ. ಹರೆಯದಲ್ಲಿ ಒಮ್ಮೆ ಅವರ ಏಟು ಜಾರಿ ತಮ್ಮನ ಎರಡು ಬೆರಳು ಹೋದವು. ಹಿಮ್ಮಡಿ ಎದ್ದಿತ್ತು ಅಂತ ಅಪ್ಪ ಎಲ್ಲರ ಮುಂದೆ ಬೈದರಂತೆ. ಕಾಕಾ ಮತ್ತೆ ಸಮ್ಮಟಿಗೆ ಮುಟ್ಟಲಿಲ್ಲ.

"ಎತ್ತಬೇಕು ಅಂತ ನನಗ ಗೊತ್ತೈತಿ ಯವ್ವಾ. ಕಾಲಿಗೆ ಹೆಂಗ ತಿಳಿಸಲಿ?" ಎಂದರು.

ಬಸ್ಸು ನಾಳೆಯಿಂದ ಬಿಡ್ತಾರಂತೆ ಎಂಬ ಸುದ್ದಿ ಬಂದ ಸಂಜೆ ತಮ್ಮನೇ ತನ್ನ ಚಾ ಅಂಗಡಿ ಮುಚ್ಚಿ ಹೊಲಕ್ಕೆ ಬಂದರು. ಯಾರನ್ನೂ ಕೇಳದೆ ಚೆಂಡಿನ ಎದುರು, ಉಳಿ ಹಿಡಿದಂತೆ ಕುಕ್ಕರಗಾಲಲ್ಲಿ ಕೂತರು. ಮೊಂಡುಗೈಯನ್ನು ಚೆಂಡಿನಿಂದ ಗೇಣು ದೂರದಲ್ಲಿ ಊರಿದರು. ನಾನು ಹೌಹಾರಿ ಏಳಿಸಲು ಹೋದೆ. ಕೋಲು ಒಂದಿಷ್ಟು ತಪ್ಪಿದರೂ ಉಳಿದ ಬೆರಳೂ ಹೋಗುತ್ತಿದ್ದವು.

"ನಾ ಏಳಂಗಿಲ್ಲ. ಹಿಮ್ಮಡ ಎತ್ತಿ ಹೊಡಿ ಅಣ್ಣಾ," ಎಂದರು ತಮ್ಮ.

ಕಾಕಾ ಎರಡು ಸಲ ಕೋಲು ಎತ್ತಿ ಇಳಿಸಿದರು. ಮೂರನೆಯ ಸಲ ಬೀಸಿದರು. ನಾನು ಚೆಂಡು ನೋಡಲಿಲ್ಲ, ಆ ಕಾಲನ್ನೇ ನೋಡುತ್ತಿದ್ದೆ. ಹಿಮ್ಮಡಿ ಎದ್ದಿತು, ಸೊಂಟ ತಿರುಗಿತು... ಚೆಂಡು ಹೊಲದಾಚೆಯ ಜಾಲಿಯಲ್ಲಿ ಎಲ್ಲೋ ಬಿತ್ತು. ತಮ್ಮನ ಕೈ ಇದ್ದಲ್ಲೇ ಇತ್ತು. ಕಾಕಾ ಕೋಲು ಬಿಸಾಡಿ ಆ ಕೈ ಹಿಡಿದುಕೊಂಡು ಹೊಲದಲ್ಲೇ ಕೂತು ಅತ್ತರು.

ಪರೀಕ್ಷೆ ಗೆದ್ದರು. ರಾಜ್ಯವೂ ಬಂತು. ಬಹಳ ವರ್ಷ ಮಕ್ಕಳಿಗೆ ಕಲಿಸಿದರು. ಹೋದ ಆಷಾಢದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಲು ನನಗಾಗಲಿಲ್ಲ, ಆ ಸಂಕಟ ಇನ್ನೂ ಇದೆ.

ತಮ್ಮನ ಆ ಮೊಂಡುಗೈಯನ್ನೇ ಹೋದ ವಾರ ನಾನು ನೋಡುತ್ತಿದ್ದದ್ದು. ಬೆರಳುಗಳು ಬಿಗಿದುಕೊಂಡಿದ್ದವು. ನಿಮ್ಮಣ್ಣ ಅವತ್ತು ಹಿಮ್ಮಡಿ ಎತ್ತಿದ್ದನ್ನು ಮರೆಯೋಕಾಗಲ್ಲ ಎಂದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಬೆರಳು ಹೋದ ದಿನ ಬಂಡೆ ಮ್ಯಾಲ ಅಣ್ಣನ ಹಿಮ್ಮಡ ಎದ್ದಿದ್ದಿಲ್ಲವ್ವ. ನನ್ನ ಕಣ್ಣಾಗ ಬೆವರು ಇಳಿದಿತ್ತು. ಉಳಿ ಜರಗಿಸಿದವ ನಾನು."

ನಿಮ್ಮಣ್ಣನಿಗೆ ಇದನ್ನ ಹೇಳಿದ್ರೇನು ಎಂದು ಕೇಳಿದೆ.

"ಆಗ ಅಪ್ಪಗ ಹೆದರಿದೆ. ಆಮ್ಯಾಲ ಅಣ್ಣ ತನ್ನ ದುಡಿಮ್ಯಾಗ ನನಗ ಚಾ ಅಂಗಡಿ ಹಾಕಿಕೊಟ್ಟ. ಹೆಂಗ ಹೇಳಲಿ?"

ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಆದರೆ ಆ ಮಾತು ಕೇಳಬೇಕಾದವರು ಮಣ್ಣಿನಲ್ಲಿದ್ದರು. ತಮ್ಮನ ಕೈಯನ್ನು ನನ್ನ ಕಡೆ ಎಳೆದುಕೊಂಡು, ಉಳಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.